ಲೆಕ್ಕ ಬದಲಾದರೆ ಗುರುತೂ ಬದಲಾಗಲಿ

ಸವಣೂರಿನಲ್ಲಿ ಈ ಜೂನ್ ತಿಂಗಳು ಮಳೆಯಾದ ದಿನಗಳೆಷ್ಟು? ಹಾನಗಲ್ಲ ಕಡೆ ಗೋವಿನಜೋಳ ಬಿತ್ತಿದ ಮೇಲೆ ಎಷ್ಟು ದಿನ ಮಳೆ ಕೈಕೊಟ್ಟಿತು? ಮಳೆಮಾಪಕ ಇದಕ್ಕೆ ನೇರವಾಗಿ ಉತ್ತರಿಸುವುದಿಲ್ಲ. ಅದು ಹೇಳುವುದು ಎಷ್ಟು ಮಿಲಿಮೀಟರ್ ಬಿತ್ತು ಎಂದಷ್ಟೇ. ಉಳಿದದ್ದನ್ನು ಲೆಕ್ಕ ಹಾಕಿ ಪಡೆಯಬೇಕು. ಹೀಗೆ ಪಡೆದದ್ದನ್ನು ಸಾಧಿತ ಅಂಕಿ ಎನ್ನೋಣ. ಬರದ ಅಂದಾಜಿಗೂ ಹವಾಮಾನ ಆಧಾರಿತ ಬೆಳೆ ವಿಮೆಗೂ ಇಂಥ ಅಂಕಿಗಳೇ ಬೇಕು.

ಅಂಕಿಯ ಹಿಂದಿನ ವಿವರ

ಕಡತದಲ್ಲಿ ಬರೀ ‘12.4’ ಎಂದಿದ್ದರೆ ಏನೂ ತಿಳಿಯದು. ಅಳೆದದ್ದೇನು, ಯಾವ ಮಾನದಲ್ಲಿ, ಎಲ್ಲಿ, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಎಂಬುದೂ ಜೊತೆಗಿರಬೇಕು. ಈ ವಿವರವೇ ಮೆಟಾಡೇಟಾ.

ಹಾವೇರಿ ಸೀಮೆಯ ಹಳೆಯ ದಾಖಲೆ ತೆರೆದವರಿಗೆ ಇದರ ಬೆಲೆ ಬೇಗ ಗೊತ್ತಾಗುತ್ತದೆ. ಮುಂಬಯಿ ಪ್ರಾಂತದ ಕಾಲದಲ್ಲಿ ಹಿರೇಕೆರೂರು ಕೋಡ ತಾಲೂಕಿನ ಕೇಂದ್ರವಾಗಿತ್ತು, ಶಿಗ್ಗಾಂವಿ ಬಂಕಾಪುರ ತಾಲೂಕಿನದು. ಸವಣೂರು 1948ರವರೆಗೆ ನವಾಬರ ಸಂಸ್ಥಾನ. ಮಳೆಯನ್ನು ಆಗ ಬರೆಯುತ್ತಿದ್ದದ್ದು ಇಂಚು, ಸೆಂಟುಗಳಲ್ಲಿ. ‘ಕೋಡ, 2.10’ ಎಂಬ ನಮೂದು ಸಿಕ್ಕಿತೆನ್ನಿ. ಮಿಲಿಮೀಟರ್ ಎಂದು ಓದಿದರೆ ಅದು ತುಂತುರು. ಇಂಚು ಎಂದು ಓದಿದರೆ 53 ಮಿ.ಮೀ. ದಾಟಿದ ಜೋರು ಮಳೆ.

ಕಾಲದ್ದೂ ಇದೇ ಕತೆ. ಭಾರತೀಯ ಹವಾಮಾನ ಇಲಾಖೆಯ ಮಳೆ ದಿನ ಮುಗಿಯುವುದು ಬೆಳಿಗ್ಗೆ 8.30ಕ್ಕೆ. ಸೋಮವಾರ ಸಂಜೆ ಸುರಿದ ಮಳೆ ಮಂಗಳವಾರದ ಲೆಕ್ಕಕ್ಕೆ ಸೇರುತ್ತದೆ. ಯುಟಿಸಿ ಎಂಬ ವಿಶ್ವಮಾನ್ಯ ಕಾಲಮಾನ ಅನುಸರಿಸುವ ಜಾಗತಿಕ ದತ್ತಾಂಶದಲ್ಲಿ ದಿನ ಬದಲಾಗುವುದು ನಮ್ಮ ಬೆಳಗಿನ 5.30ಕ್ಕೆ, ಅದೇ ಮಳೆ ಅಲ್ಲಿ ಸೋಮವಾರದ್ದೇ.

ಜಾಗದ ವಿಷಯದಲ್ಲೂ ಎಚ್ಚರ ಬೇಕು. ಇಲಾಖೆಯ ಬಳಿ 1901ರಿಂದೀಚಿನ ಮಳೆಯ ಚೌಕವಾರು ದತ್ತಾಂಶವಿದೆ. ಚೌಕದ ಒಂದು ಬದಿ 0.25 ಡಿಗ್ರಿ, ಅಂದರೆ ಸುಮಾರು 27 ಕಿ.ಮೀ. ಶಿಗ್ಗಾಂವಿ, ಸವಣೂರು ಎರಡೂ ಒಂದೇ ಚೌಕದೊಳಗೆ ಬರುತ್ತವೆ. ಆ ಚೌಕದ ಸರಾಸರಿಗೆ ‘ಸವಣೂರಿನ ಮಳೆ’ ಎಂಬ ಹೆಸರು ಕೊಟ್ಟು, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಗ್ರಾಮ ಪಂಚಾಯ್ತಿ ಮಳೆಮಾಪಕಕ್ಕೆ ತಾಳೆ ಹಾಕಿದರೆ ಜಗಳ ತಪ್ಪದು.

ಅಂಕಿಯ ಬಗೆ

ಕಂಪ್ಯೂಟರಿನಲ್ಲಿ ಪೂರ್ಣಾಂಕ ಒಂದು ಬಗೆ, ದಶಮಾಂಶ ಇನ್ನೊಂದು ಬಗೆ. ಇಲಾಖೆಯ ವ್ಯಾಖ್ಯೆಯಲ್ಲಿ 2.5 ಮಿ.ಮೀ. ಅಥವಾ ಹೆಚ್ಚು ಮಳೆ ಬಂದರೆ ಅದು ಮಳೆ ದಿನ. ಉದಾಹರಣೆಗೆ ನಾಲ್ಕು ದಿನದ ಅಂಕಿ 0, 2.6, −999, 11.2 ಎಂದಿರಲಿ. ಇಲ್ಲಿ −999 ಎಂದರೆ ಆ ದಿನದ ಅಳತೆ ಸಿಕ್ಕಿಲ್ಲ ಎಂದರ್ಥ. ಸರಿಯಾದ ಉತ್ತರ: ಅಳತೆಯಿರುವ ಮೂರು ದಿನಗಳಲ್ಲಿ ಎರಡು ಮಳೆ ದಿನ.

ಎಣಿಸುವ ಮೊದಲೇ ಈ ಅಂಕಿಗಳನ್ನು ಪೂರ್ಣಾಂಕಕ್ಕೆ ಕತ್ತರಿಸಿದರೆ 2.6 ಹೋಗಿ 2 ಆಗುತ್ತದೆ. ಮಳೆ ದಿನ ಒಂದೇ ಉಳಿಯುತ್ತದೆ. ಸಾಮಾನ್ಯ ಪೂರ್ಣಾಂಕದ ಬಗೆಯಲ್ಲಿ ‘ಖಾಲಿ’ ಎಂದು ಗುರುತಿಸುವ ಸೌಲಭ್ಯವೂ ಇಲ್ಲ. ಹಾಗಾಗಿ ಅಳತೆಯಿಲ್ಲದ ದಿನಕ್ಕೆ ಯಾರೋ ಸೊನ್ನೆ ತುಂಬುತ್ತಾರೆ. ಅಳೆಯದೆ ಬಿಟ್ಟ ದಿನ ಮಳೆ ಬಾರದ ದಿನವಾಗಿಬಿಡುತ್ತದೆ.

ಇಲಾಖೆಯ ಉಷ್ಣಾಂಶದ ಚೌಕಗಳಲ್ಲಿ ಇಂಥ ಖಾಲಿಯ ಗುರುತು 99.9. ಇಪ್ಪತ್ತೊಂಬತ್ತು ದಿನ 31 ಡಿಗ್ರಿ ಇದ್ದು, ಒಂದು ದಿನದ 99.9 ಅನ್ನು ನಿಜವೆಂದೇ ಸೇರಿಸಿಕೊಂಡರೆ ತಿಂಗಳ ಸರಾಸರಿ 33.3. −999 ಸೇರಿ ಮಳೆಯ ಮೊತ್ತ ಋಣಸಂಖ್ಯೆಯಾಗಿ ಬಂದಿದ್ದರೆ ಯಾರಾದರೂ ಹಿಡಿಯುತ್ತಿದ್ದರು. 33.3 ನಂಬುವಂತಿದೆ, ಅದಕ್ಕೇ ಅಪಾಯ.

ಯಾವುದು ಉಳಿಯಲಿ, ಯಾವುದು ಹೋಗಲಿ

ಹವಾಮಾನ ಸಂಶೋಧಕರು ಹೆಚ್ಚಾಗಿ ಬಳಸುವ ನೆಟ್‌ಸಿಡಿಎಫ್ ಕಡತಗಳಲ್ಲಿ ಮೆಟಾಡೇಟಾದ ಗುರುತುಗಳು ಅಂಕಿಗಳ ಜೊತೆಗೇ ಇರುತ್ತವೆ. ಅವನ್ನು ಹೇಗೆ ಬರೆಯಬೇಕೆಂಬುದಕ್ಕೆ ಸಿಎಫ್ ಎಂಬ ಜಾಗತಿಕ ಒಪ್ಪಂದವೂ ಇದೆ. ಆದರೆ ಎಕ್ಸ್‌ಅರೇಯಂಥ ತಂತ್ರಾಂಶದಲ್ಲಿ ಕೂಡಿ ಕಳೆದರೆ ಗುರುತುಗಳು ಉದುರಿಹೋಗುವುದು ಬಹುಕಾಲ ನಡೆದುಬಂದ ರೂಢಿಯಾಗಿತ್ತು. ‘ಕೀಪ್ ಆಟ್ರ್ಸ್’ ಎಂದು ಆಜ್ಞೆ ಕೊಟ್ಟರೆ ಅವು ಉಳಿಯುತ್ತಿದ್ದವು.

ಎಲ್ಲವನ್ನೂ ಹಾಗೇ ಉಳಿಸಿದರೂ ತಪ್ಪೇ. ಕೆಲ್ವಿನ್‌ನಿಂದ 273.15 ಕಳೆದು ಸೆಲ್ಸಿಯಸ್ ಮಾಡಿದ ಮೇಲೂ ಗುರುತು ‘ಕೆಲ್ವಿನ್’ ಎಂದೇ ಇದ್ದರೆ ಅದು ಸುಳ್ಳು. ಮಳೆ ದಿನಗಳ ಎಣಿಕೆಗೆ ‘ಮಿ.ಮೀ.’ ಅಂಟಿಕೊಂಡರೆ ಅದೂ ಸುಳ್ಳು. ಸವಣೂರಿನ ಜೂನ್ ಮಳೆ ದಿನಗಳ ಕಡತ ಹೀಗಿರಬೇಕು:

- ಹಾಗೇ ಉಳಿಯುವುದು: ಮೂಲ ದತ್ತಾಂಶದ ಹೆಸರು, ಚೌಕವೋ ಮಾಪಕವೋ, ಅಕ್ಷಾಂಶ ರೇಖಾಂಶ, 8.30ರ ದಿನ.
- ಬದಲಾಗುವುದು: ಹೆಸರು ‘ಮಳೆ ದಿನಗಳು’, ಮಾನ ‘ದಿನ’, ಅವಧಿ ‘ತಿಂಗಳು’.
- ಹೊಸದಾಗಿ ಸೇರುವುದು: 2.5 ಮಿ.ಮೀ. ಮಿತಿ, ಅಳತೆ ಸಿಕ್ಕ ದಿನಗಳ ಸಂಖ್ಯೆ, ಲೆಕ್ಕ ಹಾಕಿದ ಕ್ರಮ.
- ಅಂಕಿಯ ಬಗೆ: ಹೋಲಿಕೆ ಮುಗಿಯುವವರೆಗೆ ದಶಮಾಂಶ, ಎಣಿಕೆ ಮುಗಿದು, ಖಾಲಿಗೆ ಬೇರೆ ಗುರುತು ಕೊಟ್ಟ ಮೇಲಷ್ಟೇ ಪೂರ್ಣಾಂಕ.

ಪರಿಹಾರದ ಪಟ್ಟಿಯಲ್ಲಿ ತನ್ನ ಪಂಚಾಯ್ತಿ ಏಕಿಲ್ಲ ಎಂದು ಹಿರೇಕೆರೂರಿನ ರೈತ ಕೇಳಿದಾಗ ಲೆಕ್ಕವನ್ನು ಮೊದಲಿನಿಂದ ಮತ್ತೆ ಮಾಡಿ ತೋರಿಸಬೇಕಾಗುತ್ತದೆ. ಈ ನಾಲ್ಕು ಸಾಲು ಕಡತದಲ್ಲಿದ್ದರೆ ಆ ಕೆಲಸ ಯಾರಿಗಾದರೂ ಸಾಧ್ಯ. ಇಲ್ಲದಿದ್ದರೆ ಲೆಕ್ಕ ಹಾಕಿದವರೂ ತೋರಿಸಲಾರರು.