ಸ್ಮೋಕರ್ ಎಷ್ಟು ದೊಡ್ಡದಿರಬೇಕು?

ಅಮೆರಿಕದಲ್ಲಿ ಹಿತ್ತಿಲಿಗೆಂದು ಇದ್ದಿಲಿನ ಸ್ಮೋಕರ್, ಅಂದರೆ ಮಾಂಸವನ್ನು ಹೊಗೆಯಲ್ಲಿ ನಿಧಾನವಾಗಿ ಬೇಯಿಸುವ ಒಲೆ, ಕೊಳ್ಳಲು ಹೊರಟವರಿಗೆ ಬೇಗನೆ ಎದುರಾಗುವ ಹೆಸರು ವೆಬರ್ ಕಂಪನಿಯ ‘ಸ್ಮೋಕಿ ಮೌಂಟನ್’. 1981ರಲ್ಲಿ ಮಾರುಕಟ್ಟೆಗೆ ಬಂದ ಈ ಕಪ್ಪು ಪೀಪಾಯಿ 14, 18 ಮತ್ತು 22 ಇಂಚಿನ ಅಳತೆಗಳಲ್ಲಿ ಸಿಗುತ್ತದೆ.

ರಚನೆ ಮೂರರಲ್ಲೂ ಒಂದೇ: ತಳದಲ್ಲಿ ಕೆಂಡ, ನಡುವೆ ನೀರಿನ ಬೋಗುಣಿ, ಮೇಲೆ ಎರಡು ಜಾಲರಿ, ಗುಮ್ಮಟದಂಥ ಮುಚ್ಚಳ. ಕೆಂಡದ ನೇರ ಝಳವನ್ನು ಬೋಗುಣಿ ತಡೆಯುವುದರಿಂದ ಒಳಗಿನ ಶಾಖವನ್ನು 110ರಿಂದ 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹಿಡಿದಿಡುವುದು ಸುಲಭ. ಈ ಮಂದ ಶಾಖದಲ್ಲಿ ಗಂಟೆಗಟ್ಟಲೆ ಬೆಂದಾಗ ಗಟ್ಟಿ ಮಾಂಸದ ಕೊಲಾಜೆನ್ ಜೆಲಟಿನ್ ಆಗಿ ಕರಗುತ್ತದೆ. ಜಗಿಯಲಾಗದ ತುಂಡು ಬೆರಳಲ್ಲೇ ಬಿಡಿಸಿಕೊಳ್ಳುವಷ್ಟು ಮೆತ್ತಗಾಗುತ್ತದೆ. ರುಚಿಯ ಗುಟ್ಟು ಇಲ್ಲಿದೆ, ಅಳತೆಯಲ್ಲಲ್ಲ.

ಹಾಗಾದರೆ ಅಳತೆ ಏಕೆ ಮುಖ್ಯ? ಟೆಕ್ಸಾಸ್‌ನವರ ಅಚ್ಚುಮೆಚ್ಚಿನ ಬ್ರಿಸ್ಕೆಟ್, ಅಂದರೆ ದನದ ಎದೆಮಾಂಸ, ಇಡಿಯಾಗಿ ಆರೇಳು ಕಿಲೋ ತೂಗುತ್ತದೆ. 22 ಇಂಚಿನ ಜಾಲರಿಯ ಮೇಲೆ ಅದು ಆರಾಮವಾಗಿ ಮಲಗುತ್ತದೆ. ವ್ಯಾಸದಲ್ಲಿ ನಾಲ್ಕೇ ಇಂಚು ಹೆಚ್ಚಾದರೂ ಜಾಲರಿಯ ವಿಸ್ತಾರ 18 ಇಂಚಿನದಕ್ಕಿಂತ ಸುಮಾರು ಒಂದೂವರೆ ಪಟ್ಟು. ಇದ್ದಿಲೂ ಅದೇ ಧಾರಾಳದಲ್ಲಿ ಉರಿಯುತ್ತದೆ. ಎರಡು ಕೋಳಿಗಾಗಿ ಅದನ್ನು ಹೊತ್ತಿಸುವುದು ದಂಡ.

14 ಇಂಚಿನದನ್ನು ಕಾರಿನಲ್ಲಿಟ್ಟು ಒಯ್ಯಬಹುದು. ಆದರೆ ಪಕ್ಕೆಲುಬಿನ ಉದ್ದ ಪಟ್ಟಿಯನ್ನು ಕತ್ತರಿಸಿಯೋ ಸುರುಳಿ ಸುತ್ತಿಯೋ ಇಡಬೇಕು.

ನಾಲ್ಕೈದು ಜನರ ಮನೆಗೆ, ಆಗೊಮ್ಮೆ ಈಗೊಮ್ಮೆ ನೆಂಟರು ಬರುವಲ್ಲಿಗೆ, 18 ಇಂಚಿನದೇ ಸರಿ. ತಣ್ಣನೆಯ ಇದ್ದಿಲು ತುಂಬಿ, ಮೇಲೊಂದಿಷ್ಟು ಕೆಂಡ ಸುರಿದು, ಕೆಳಗಿನ ಗಾಳಿಕಿಂಡಿಗಳನ್ನು ಕಿರಿದು ಮಾಡಿದರೆ ಬೆಂಕಿ ನಿಧಾನವಾಗಿ ಹರಡುತ್ತಾ ಗಂಟೆಗಟ್ಟಲೆ ನಡೆಯುತ್ತದೆ.