ಕೊರಳಿನ ಕೊರತೆ, ಮೂತ್ರಪಿಂಡಕ್ಕೆ ಅಪವಾದ

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಮುಖ ಊದಿಕೊಂಡ ರೋಗಿಯನ್ನು ಕಂಡೊಡನೆ ವೈದ್ಯರ ಸಂಶಯ ಹರಿಯುತ್ತಿದ್ದುದು ಮೂತ್ರಪಿಂಡಗಳತ್ತ. 1827ರಲ್ಲಿ ರಿಚರ್ಡ್ ಬ್ರೈಟ್ ಆ ಅಂಗದ ಬೇನೆಗೂ ಮೈಯೂತಕ್ಕೂ ಇರುವ ನಂಟನ್ನು ತೋರಿಸಿಕೊಟ್ಟ ಮೇಲೆ ಅದು ಸಹಜವೇ ಆಗಿತ್ತು. ಆದರೆ 1873ರಲ್ಲಿ ವಿಲಿಯಂ ಗಲ್ ವರ್ಣಿಸಿದ ಮಹಿಳೆಯರ ಕಾಯಿಲೆಯೇ ಬೇರೆ. ಇಂಥವರಲ್ಲಿ ಊತವನ್ನು ಬೆರಳಿನಿಂದ ಒತ್ತಿದರೆ ಗುಳಿ ನಿಲ್ಲದು. ಮಾತು ನಿಧಾನ, ಚರ್ಮ ಒರಟು, ಮನಸ್ಸಿಗೂ ಜಡತೆ. ಅಪರಾಧಿ ಕೊರಳಿನಲ್ಲಿ ಅಡಗಿತ್ತು: ಸೊರಗಿದ ಥೈರಾಯ್ಡ್ ಗ್ರಂಥಿ.

1891ರಲ್ಲಿ ನ್ಯೂಕ್ಯಾಸಲ್ಲಿನ ಜಾರ್ಜ್ ಮರೆ, ಇಂಥ ಒಬ್ಬ ನಲವತ್ತಾರು ವರ್ಷದ ಮಹಿಳೆಗೆ ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚಿ ನೋಡಿದನು. ಆಕೆ ಚೇತರಿಸಿಕೊಂಡು, ಸಾರವನ್ನು ಬಿಡದೆ ಸೇವಿಸುತ್ತ, 1919ರವರೆಗೆ ಬದುಕಿದಳು. ಅದಕ್ಕಾಗಿ ಬಳಕೆಯಾದುದು 870ಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳು! ಇಂದು ಆ ಕೆಲಸವನ್ನು ದಿನಕ್ಕೊಂದು ಪುಟ್ಟ ಥೈರಾಕ್ಸಿನ್ ಗುಳಿಗೆ ಮಾಡುತ್ತದೆ.

ಹಾಗೆಂದು ಮೂತ್ರಪಿಂಡಕ್ಕೆ ಈ ಕಥೆಯಲ್ಲಿ ಪಾತ್ರವೇ ಇಲ್ಲವೆನ್ನಲಾಗದು. ಹೃದಯ ಹೊರದೂಡುವ ರಕ್ತದಲ್ಲಿ ಸುಮಾರು ಐದನೆಯ ಒಂದು ಪಾಲು ಹರಿಯುವುದು ಈ ಜೋಡಿ ಅಂಗಗಳಿಗೆ. ಥೈರಾಯ್ಡ್ ರಸ ಕುಂದಿದಾಗ ಹೃದಯದ ಬಡಿತ ಮಂದವಾಗುತ್ತದೆ, ಮೂತ್ರಪಿಂಡಕ್ಕೆ ಬರುವ ರಕ್ತ ಇಳಿಯುತ್ತದೆ, ಸೋಸುವ ಕಾರ್ಯ ಹಿಂದೆ ಬೀಳುತ್ತದೆ. ಹೆಚ್ಚಿನ ನೀರನ್ನು ಹೊರಹಾಕುವ ಶಕ್ತಿಯೂ ತಗ್ಗುವುದರಿಂದ ಕೆಲವರಲ್ಲಿ ರಕ್ತದ ಸೋಡಿಯಂ ತೆಳುವಾಗುತ್ತದೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಕ್ರಿಯಾಟಿನಿನ್ ಏರಿರುವುದನ್ನು ಕಂಡು ಮನೆಮಂದಿಯೆಲ್ಲ ಡಯಾಲಿಸಿಸ್ ಎಂಬ ಮಾತಿಗೆ ನಡುಗುವುದು ಇಂಥ ಸಂದರ್ಭದಲ್ಲಿಯೇ. ಟಿ.ಎಸ್.ಎಚ್. ಪರೀಕ್ಷೆಯೊಂದನ್ನು ಮಾಡಿಸಿದ್ದರೆ ಆ ನಡುಕದ ಅರ್ಧ ತಪ್ಪುತ್ತಿತ್ತು. ಕಾರಣ ಥೈರಾಯ್ಡ್ ಒಂದೇ ಆಗಿದ್ದಲ್ಲಿ, ಗುಳಿಗೆ ಆರಂಭಿಸಿದ ಕೆಲವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಆ ಅಂಕೆ ಸಾಮಾನ್ಯವಾಗಿ ಇಳಿಯುತ್ತದೆ. ಸಕ್ಕರೆಕಾಯಿಲೆಯಿಂದಲೋ ರಕ್ತದೊತ್ತಡದಿಂದಲೋ ಮೊದಲೇ ಹಾಳಾದ ಮೂತ್ರಪಿಂಡವನ್ನು ಮಾತ್ರ ಥೈರಾಕ್ಸಿನ್ ಮರಳಿ ಕಟ್ಟಿಕೊಡಲಾರದು.

ನಂಟು ಹಿಮ್ಮುಖವಾಗಿಯೂ ಉಂಟು. ಥೈರಾಯ್ಡ್ ರಸ ರಕ್ತದಲ್ಲಿ ಸಂಚರಿಸುವುದು ಬಹುಪಾಲು ಪ್ರೋಟೀನುಗಳ ಹೆಗಲೇರಿ. ಮೂತ್ರಪಿಂಡ ಸೋರತೊಡಗಿ ಪ್ರೋಟೀನು ವಿಪರೀತವಾಗಿ ಹೊರಹೋದಾಗ, ಹೊತ್ತವನೊಡನೆ ಹೊರೆಯೂ ಹೊರಟುಹೋಗುತ್ತದೆ.

ಇನ್ನೊಂದು ತೊಡಕು ಗುಳಿಗೆಯ ಡಬ್ಬಿಯಲ್ಲಿಯೇ ಇದೆ. ಮೂತ್ರಪಿಂಡದ ರೋಗಿಗಳಿಗೆ ವೈದ್ಯರು ಅನೇಕ ವೇಳೆ ಕ್ಯಾಲ್ಸಿಯಂ, ಕಬ್ಬಿಣಾಂಶಗಳ ಮಾತ್ರೆಗಳನ್ನೂ ಬರೆದುಕೊಡುತ್ತಾರೆ. ಅವನ್ನು ಥೈರಾಕ್ಸಿನ್ನಿನೊಡನೆ ಒಟ್ಟಿಗೆ ನುಂಗಿದರೆ ಅದು ಸರಿಯಾಗಿ ರಕ್ತಕ್ಕೆ ಸೇರದು. ಆದುದರಿಂದಲೇ ಥೈರಾಕ್ಸಿನ್ ಬೆಳಗ್ಗೆ ಬರಿಹೊಟ್ಟೆಯಲ್ಲಿ, ಕಾಫಿಗಿಂತ ಮುಂಚೆ. ಉಳಿದವು ನಾಲ್ಕು ಗಂಟೆ ಕಳೆದ ಮೇಲೆ.