ಟೈರ್ ಮೇಲಿನ ಕೂದಲು, ಪಟ್ ಅಂತ ಮುರಿಯೋ ಡ್ರಿಲ್ ಬಿಟ್

ಹೊಸ ಟೈರ್ ಮೈಮೇಲೆ ಸಣ್ಣ ಸಣ್ಣ ರಬ್ಬರ್ ಕೂದಲು ಇರುತ್ತಲ್ಲ, ಚಿಕ್ಕೋರಿದ್ದಾಗ ಕಿತ್ತಿರ್ತೀರಿ. ಅಚ್ಚಿನೊಳಗೆ ಹಸಿ ಟೈರನ್ನು ಒತ್ತಿ ಬೇಯಿಸುವಾಗ ಸಿಕ್ಕಿಕೊಂಡ ಗಾಳಿ ಹೊರಗೆ ಹೋಗಬೇಕು. ಅದಕ್ಕೇ ಅಚ್ಚಿನ ತುಂಬಾ ಸುಮಾರು 1 ಮಿಲಿಮೀಟರ್ ತೂತುಗಳು, ಅಂದ್ರೆ ವೆಂಟ್‌ಗಳು. ಗಾಳಿಯ ಹಿಂದೆ ರಬ್ಬರೂ ನುಗ್ಗುತ್ತೆ. ಅದೇ ಆ ಕೂದಲು. ಅದು ಒಳಗೇ ತುಂಡಾದ್ರೆ ವೆಂಟ್ ಬಂದ್, ಮುಂದಿನ ಟೈರ್‌ನಲ್ಲಿ ಗಾಳಿ ನಿಂತು ಗುಳಿ ಬೀಳುತ್ತೆ.

ಆಗ ಯಾರಾದ್ರೂ ಕೂತು ಒಂದೊಂದೇ ತೂತನ್ನ ಡ್ರಿಲ್ ಹಾಕಿ ಬಿಡಿಸಬೇಕು. ನನ್ನ ಗೆಳೆಯ ಈ ಕೆಲಸಕ್ಕೆ ಸೇರಿದ ಮೊದಲ ವಾರವೇ ಒಂಬತ್ತು ಬಿಟ್ ಮುರಿದ. ಸೂಪರ್‌ವೈಸರ್ "ನಾಳೆಯಿಂದ ಬರೋದೇ ಬೇಡ" ಅನ್ನೋ ತನಕ ಹೋಯ್ತು. ಬಿಟ್‌ನ ದುಡ್ಡಿಗಲ್ಲ. ಮುರಿದ ತುಂಡು ತೆಗೆಯೋ ತನಕ ಅಚ್ಚು ಸುಮ್ನೆ ಬಿದ್ದಿರುತ್ತೆ.

ಯಾಕಿಷ್ಟು ಬೇಗ ಮುರಿಯುತ್ತೆ? ನಾನು ಬಿಕಾಂ, ಆದ್ರೂ ಈ ಲೆಕ್ಕ ತಲೆಗೆ ಹೋಯ್ತು: ಬಿಟ್‌ನ ದಪ್ಪ ಅರ್ಧ ಆದ್ರೆ, ತಿರುಚೋದನ್ನ ತಡೆಯೋ ಶಕ್ತಿ ಅರ್ಧ ಅಲ್ಲ, ಎಂಟನೇ ಒಂದು ಪಾಲು. ಮೇಲಿಂದ ರಬ್ಬರ್ ಲೋಹದ ಹಾಗೆ ಪುಡಿಯಾಗಿ ಬರಲ್ಲ, ಬಿಟ್‌ನ ಗಾಡಿಗೆ ಮೆತ್ತಿಕೊಂಡು ಹಿಡಿದುಬಿಡುತ್ತೆ.

ಹಾಗಾಗಿ ಒಂದೇ ಸಲಕ್ಕೆ ಒತ್ತಬಾರದು. ಒಂದೆರಡು ಮಿಲಿಮೀಟರ್ ಇಳಿಸಿ, ತಿರುಗ್ತಿರುವಾಗಲೇ ಹೊರಗೆ ತೆಗೆದು, ಡ್ರಿಲ್ ನಿಲ್ಲಿಸಿ ರಬ್ಬರ್ ಬಿಡಿಸಿ, ಮತ್ತೆ ಇಳಿಸಿ. ತೂತಿನೊಳಗೆ ಡ್ರಿಲ್ ನಿಲ್ಲಿಸಿದ್ರೆ ಅಲ್ಲೇ ಕಚ್ಚಿಕೊಳ್ಳುತ್ತೆ. ಬಿಟ್ ವೆಂಟ್‌ಗಿಂತ ಕೂದಲೆಳೆಯಷ್ಟು ಸಣ್ಣದಿರಲಿ, ನಮಗೆ ರಬ್ಬರ್ ತೆಗೀಬೇಕು, ಅಚ್ಚು ಕೊರೆಯೋದಲ್ಲ. ಚಕ್‌ನಿಂದ ಎಷ್ಟು ಬೇಕೋ ಅಷ್ಟೇ ಹೊರಗಿಡಿ. ಉದ್ದ ಇದ್ದಷ್ಟೂ ಬಾಗುತ್ತೆ. ಮೊಂಡಾದ ಬಿಟ್ಟನ್ನ "ಇನ್ನೊಂದೆರಡು ತೂತು ಆಗುತ್ತೆ" ಅಂತ ಎಳೆಯೋದು ಶುದ್ಧ ಜಿಪುಣತನ.

ನನ್ನ ಗೆಳೆಯ ಎಡವಿದ್ದು ಮಾತ್ರ ಕೋನದಲ್ಲಿ. ಟೈರ್ ಅಚ್ಚು ಬಾಗಿರೋದ್ರಿಂದ ಒಂದೊಂದು ವೆಂಟಿನ ದಿಕ್ಕೂ ಬೇರೆ. ಅವನ ಕೈ ಮಾತ್ರ ಒಂದೇ ಕಡೆಗೆ. ಈಗ ತೂತಿನ ನೇರಕ್ಕೆ ತನ್ನ ಸ್ಟೂಲನ್ನೇ ಸರಿಸ್ಕೊಂಡು ಕೂರ್ತಾನೆ.

ಮುರಿದೇಹೋದ್ರೆ? ಮೇಲಿಂದ ಇನ್ನೊಂದು ಬಿಟ್ ಹಾಕ್ಬೇಡಿ. ಗಟ್ಟಿ ತುಂಡಿನ ಮೇಲೆ ಜಾರಿ ಪಕ್ಕದ ಅಲ್ಯೂಮಿನಿಯಂ ಕೊರೆಯುತ್ತೆ. ವೆಂಟ್ ಹಿಂದಿನ ತನಕ ತೆರೆದಿದ್ರೆ ಆ ಕಡೆಯಿಂದ ಸಣ್ಣ ಪಿನ್ ಇಟ್ಟು ಮೆಲ್ಲಗೆ ತಟ್ಟಿ. ಕಣ್ಣಿಗೆ ಕನ್ನಡಕ ಇರಲೇಬೇಕು, ಮುರಿದ ಚೂರು ಎಲ್ಲಿಗೆ ಹಾರುತ್ತೋ ಹೇಳೋಕಾಗಲ್ಲ.

ಹೋದ ತಿಂಗಳು ಅವನು ಮುರಿದದ್ದು ಎರಡೇ ಬಿಟ್. ಅದರಲ್ಲೊಂದು ಟೇಬಲ್ ಮೇಲಿಂದ ಬಿದ್ದದ್ದಂತೆ.